ಪಿರಮಿಡ್ಡಿನ ಪಾಠ

ಎಂಟನೇ ತರಗತಿಯ ಮಕ್ಕಳಿಗೆ ಈಜಿಪ್ಟ್ ಎಲ್ಲಿದೆಯೆಂದು ತೋರಿಸುವುದಕ್ಕೇ ರಾಧಾಮಣಿಗೆ ಅರ್ಧ ಪೀರಿಯಡ್ ಹಿಡಿಯಿತು. ಶಾಲೆಯಲ್ಲಿದ್ದ ಪ್ರಪಂಚದ ಭೂಪಟದಲ್ಲಿ ಆಫ್ರಿಕಾದ ತಲೆಭಾಗವನ್ನು ಗೆದ್ದಲು ತಿಂದುಬಿಟ್ಟಿತ್ತು. ಅವಳು ಕಪ್ಪುಹಲಗೆಯ ಮೇಲೆ ಖಂಡವನ್ನು ತಾನೇ ಬರೆದು, ನೀಲಿ ಸೀಮೆಸುಣ್ಣದಲ್ಲಿ ನೈಲ್ ನದಿಯನ್ನು ಎಳೆದು, ಅದು ಸಮುದ್ರ ಸೇರುವ ಜಾಗಕ್ಕಿಂತ ಒಂದಿಷ್ಟು ಕೆಳಗೆ ಸಣ್ಣದೊಂದು ಮುಕ್ಕೋನ ಇಟ್ಟಳು.

ಅಕ್ಷಾಂಶ, ರೇಖಾಂಶ ಎಂದರೆ ಆಕಳಿಸುವ ಮಕ್ಕಳಿಗಾಗಿ ಅವಳೇ ಹೂಡಿದ ಉಪಾಯ ಅದು. ತಿಂಗಳಿಗೊಂದು ಪ್ರಾಚೀನ ಕಟ್ಟಡ. ಮೊದಲು ಪಿರಮಿಡ್, ಆಮೇಲೆ ಬ್ಯಾಬಿಲೋನಿನ ತೂಗುತೋಟ, ಅಲೆಕ್ಸಾಂಡ್ರಿಯದ ದೀಪಸ್ತಂಭ, ರೋಡ್ಸ್ ದ್ವೀಪದ ಕಂಚಿನ ವಿಗ್ರಹ. ಅದು ಎಲ್ಲಿತ್ತು, ಹತ್ತಿರದ ನದಿ ಯಾವುದು, ಕಲ್ಲು ಎಂಥದು, ಹವೆ ಎಂಥದು ಎಂದು ಕೇಳುತ್ತ ಹೋದರೆ ಭೂಗೋಳ ತಾನಾಗಿಯೇ ಬರುತ್ತದೆಂದು ಹೆಡ್‌ಮಾಸ್ಟರ್ ನೀಲಕಂಠಪ್ಪನವರನ್ನು ಒಪ್ಪಿಸಿದ್ದಳು. ಅತಿಥಿ ಶಿಕ್ಷಕಿಯಾಗಿ ಅವಳಿಗೆ ಇದು ಮೂರನೇ ವರ್ಷ. ಪ್ರತಿ ಜೂನ್‌ನಲ್ಲೂ ಹೊಸದಾಗಿ ಅರ್ಜಿ ಹಾಕಬೇಕಾದ ಕೆಲಸ. ಆದರೂ ಅವಳು ಪಾಠವನ್ನು ಕಾಯಂ ನೌಕರಿಯವರಿಗಿಂತ ಹೆಚ್ಚು ಹಚ್ಚಿಕೊಂಡಿದ್ದಳು.

ಪಿರಮಿಡ್ಡಿನ ಒಳಗೆ ರಾಜನನ್ನು ಇಟ್ಟ ಕೋಣೆಯ ಕಲ್ಲು ಅಸ್ವಾನ್ ಎಂಬ ಊರಿನದು, ಎಂಟುನೂರು ಕಿಲೋಮೀಟರ್ ದೂರದಿಂದ ದೋಣಿಯಲ್ಲಿ ಬಂದದ್ದು, ನಮ್ಮ ರಾಮನಗರದ ಬೆಟ್ಟಗಳಂತೆ ಅದೂ ಗ್ರಾನೈಟೇ ಎಂದು ಅವಳು ಹೇಳಿದಾಗ ಇಡೀ ತರಗತಿ ತಲೆ ಎತ್ತಿತು. ಕೋರೆಯೂ ಕ್ರಷರ್ರೂ ಇಲ್ಲದ ಊರಿನ ಮಗು ಆ ತರಗತಿಯಲ್ಲಿ ಇರಲಿಲ್ಲ. ಕಿಟಕಿಯ ಪಕ್ಕದಲ್ಲಿ ಕೂರುವ ಜಾರಾ ಎದ್ದು ನಿಂತಳು. ಹೆಚ್ಚು ಮಾತಾಡದ, ನಕಾಶೆ ತುಂಬುವುದರಲ್ಲಿ ಮಾತ್ರ ಎಲ್ಲರಿಗಿಂತ ಮುಂದಿದ್ದ ಹುಡುಗಿ.

“ಮಿಸ್, ಆಗ ಕ್ರೇನ್ ಇರಲಿಲ್ವಲ್ಲ. ಅಷ್ಟು ದೊಡ್ಡ ಕಲ್ಲು ಎಂಗೆ ಮೇಲಕ್ಕೆ ಏರ್ಸಿದ್ರು?”

ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲಿತ್ತು. ನಾಳೆ ಹೇಳುತ್ತೇನೆಂದು ರಾಧಾಮಣಿ ಒಪ್ಪಿಕೊಂಡಳು.

ಅವಳ ಮನೆ ಇದ್ದದ್ದು ರಾಮನಗರದಿಂದ ಕನಕಪುರಕ್ಕೆ ಹೋಗುವ ರಸ್ತೆಯ ಎಡಕ್ಕೆ, ಗುಡ್ಡದ ಮಗ್ಗುಲಿನ ಒಂದು ಹಳ್ಳಿಯಲ್ಲಿ. ಗುಡ್ಡದ ಆಚೆ ರುದ್ರಪ್ರಸಾದನ ಕಲ್ಲುಕೋರೆ. ಮಧ್ಯಾಹ್ನ ಅಲ್ಲಿ ಸಿಡಿಮದ್ದು ಸಿಡಿಸಿದರೆ ಇಲ್ಲಿ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಮಾವ ದಾಸಪ್ಪ ಅದೇ ಕೋರೆಯಲ್ಲಿ ಮೂವತ್ತು ವರ್ಷ ದುಡಿದು ಮೇಸ್ತ್ರಿಯಾಗಿ, ದೂಳು ಕುಡಿದ ಎದೆ ಹೊತ್ತು ಮನೆ ಸೇರಿದವನು. ಗಂಡ ಅನಂತರಾಜು ಈಗ ಅಲ್ಲೇ ಸೂಪರ್‌ವೈಸರ್. ಅತ್ತೆ ಸಿದ್ದಮ್ಮ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ನಾಲ್ಕು ವರ್ಷದ ಮಗಳು ರಕ್ಷಿತಾ ತಾತನ ತೊಡೆ ಬಿಟ್ಟು ಬೇರೆಲ್ಲೂ ಕೂತು ಉಣ್ಣುತ್ತಿರಲಿಲ್ಲ.

ಮದುವೆಯಾಗಿ ಬಂದ ಐದು ವರ್ಷದಲ್ಲಿ ದಾಸಪ್ಪ ಸೊಸೆಯೊಡನೆ ಆಡಿದ ಮಾತು ಕೈಬೆರಳಲ್ಲಿ ಎಣಿಸುವಷ್ಟು. ಅಂದು ಸಂಜೆ ಅವಳು ಪಿರಮಿಡ್ಡಿನ ಚಿತ್ರವಿದ್ದ ಪುಸ್ತಕವನ್ನು ಮುಂದೆ ಹಿಡಿದು ಜಾರಾಳ ಪ್ರಶ್ನೆಯನ್ನೇ ಕೇಳಿದಾಗ ಅವನು ಕನ್ನಡಕ ತರಿಸಿಕೊಂಡ. ಚಿತ್ರವನ್ನು ಬಹಳ ಹೊತ್ತು ನೋಡಿದ. ಸಿದ್ದಮ್ಮ ಕೇರಲು ಮೊರಕ್ಕೆ ಸುರಿದಿದ್ದ ಹುರುಳಿಕಾಳಿನಲ್ಲಿ ಒಂದು ಹಿಡಿ ತೆಗೆದು ನೆಲದ ಮೇಲೆ ಹರಡಿ, ಅದರ ಮೇಲೆ ಒಂದು ಇಟ್ಟಿಗೆಯಿಟ್ಟು ರಕ್ಷಿತಾಳ ಕೈಯಲ್ಲಿ ತಳ್ಳಿಸಿದ. ಇಟ್ಟಿಗೆ ಸಲೀಸಾಗಿ ಜಾರಿತು.

“ಕೆಳಗೆ ಮರದ ದಿಮ್ಮಿ, ಪಕ್ಕದಲ್ಲಿ ಹಾರೆ. ಮಣ್ಣಿನ ಇಳಿಜಾರು ಕಟ್ಕಂಡ್ರೆ ಬೆಟ್ಟಾನೂ ಏರಿಸ್ಬೋದು ಕಣವ್ವ. ಜನ ಬೇಕು ಅಷ್ಟೆಯ,” ಎಂದ.

ಕಾಳು ನೆಲಕ್ಕೆ ಸುರಿದನೆಂದು ಸಿದ್ದಮ್ಮ ಗೊಣಗಿದಳು. ರಾಗಿಮುದ್ದೆ, ಸೊಪ್ಪಿನ ಸಾರಿನ ಮುಂದೆ ಕೂತು ದಾಸಪ್ಪ ಮತ್ತೂ ಹೇಳುತ್ತ ಹೋದ. ಬಂಡೆಗೂ ಮರದ ಹಾಗೆ ಎಳೆ ಇರುತ್ತದೆ, ಆ ಎಳೆ ಹಿಡಿದು ಕುಳಿ ಹೊಡೆದರೆ ರೊಟ್ಟಿ ಮುರಿದಂತೆ ಸೀಳುತ್ತದೆ ಎಂದ. ರಾಧಾಮಣಿಗೆ ಅವನ ಗಂಟಲೇ ಹೊಸದಾಗಿ ಕೇಳಿಸಿತು. ಮಾವ, ಒಂದು ದಿನ ಸ್ಕೂಲಿಗೆ ಬಂದು ಮಕ್ಕಳಿಗೆ ತೋರಿಸಿಕೊಡಿ ಎಂದು ಅವಳು ಕೇಳಿದಾಗ ಅನಂತರಾಜು ತಟ್ಟೆಯಿಂದ ಕೈ ತೆಗೆದ. ಅಪ್ಪನನ್ನು ಕೋರೆಯ ಮಾತಿಗೆ ಎಳೆಯಬೇಡ, ಅದೆಲ್ಲ ಮುಗಿದುಹೋದ ಸಂಗತಿ ಎಂದ. ಯಾಕೆಂದು ಅವಳು ಕೇಳಿದ್ದಕ್ಕೆ ಕೆಮ್ಮು ಜಾಸ್ತಿಯಾಗುತ್ತದೆ ಎಂದನೇ ಹೊರತು ಬೇರೆ ಹೇಳಲಿಲ್ಲ. ದಾಸಪ್ಪ ಮಾತ್ರ ಮರುದಿನವೇ ಅಟ್ಟದಿಂದ ಕಲ್ಲು ಕೆತ್ತುವ ತನ್ನ ಚಾಣಗಳನ್ನು ಇಳಿಸಿಕೊಂಡು ತುಕ್ಕು ಉಜ್ಜುತ್ತ ಕೂತ.

ಮುಂದಿನ ಗುರುವಾರ ಅವನು ತೊಳೆದ ಪಂಚೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೊಸೆಯ ಜೊತೆ ಬಸ್ಸಿಳಿದ. ಶಾಲೆಯ ಅಂಗಳದಲ್ಲಿದ್ದ ಕಲ್ಲಿನ ತುಂಡೊಂದರ ಮೇಲೆ ಗೆರೆ ಎಳೆದು, ಸಾಲಾಗಿ ಕುಳಿ ಹೊಡೆದು, ಕಬ್ಬಿಣದ ಬೆಣೆ ಇಟ್ಟು ಒಂದೊಂದಾಗಿ ತಟ್ಟಿದ. ಕಲ್ಲು ಮೆಲ್ಲಗೆ ಬಾಯಿ ಬಿಟ್ಟು ಎರಡಾದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರೂ ಬಾಗಿಲಿಗೆ ಬಂದು ನೋಡಿದರು. ಆಮೇಲೆ ಎಲ್ಲರೂ ಒಳಗೆ ಹೋಗಿ ಕೂತರು. ರಾಧಾಮಣಿ, ಪಿರಮಿಡ್ಡಿನ ಪಕ್ಕದಲ್ಲೇ ಅದನ್ನು ಕಟ್ಟಿದ ಕೂಲಿಯವರ ಸಮಾಧಿಗಳು ಸಿಕ್ಕಿವೆ, ಎಷ್ಟೋ ಎಲುಬುಗಳಲ್ಲಿ ಮುರಿದು ಕೂಡಿದ ಗುರುತಿದೆ ಎಂದು ಹೇಳಿ, ಏನಾದರೂ ಕೇಳುವುದಿದ್ದರೆ ತಾತನನ್ನು ಕೇಳಿ ಎಂದಳು. ನಿಮ್ಮ ಕೋರೆಯಲ್ಲಿ ಯಾರಾದರೂ ಸತ್ತಿದ್ದರಾ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

ದಾಸಪ್ಪ ಚಾಣವನ್ನು ಮೇಜಿನ ಮೇಲಿಟ್ಟ.

“ಒಬ್ಬ ಸತ್ತ. ಒಳ್ಳೆ ಕೆಲಸಗಾರ. ಕರೀಂ ಅಂತ ಹೆಸ್ರು.”

ಕಿಟಕಿಯ ಪಕ್ಕ ಜಾರಾ ಎದ್ದು ನಿಂತಿದ್ದಳು. “ಅದು ನಮ್ಮಪ್ಪ, ತಾತ. ಕುಡ್ದು ಬಂಡೆ ಕೆಳಗೆ ಓದ್ರು ಅಂತ ಎಲ್ರೂ ಯೋಳ್ತಾರೆ.”

ಅವಳು ಜಗಳಕ್ಕೆ ನಿಂತಂತೆ ಹೇಳಲಿಲ್ಲ. ಗೊತ್ತಿರುವ ಉತ್ತರವನ್ನು ಒಪ್ಪಿಸುವಂತೆ ಹೇಳಿದಳು. ದಾಸಪ್ಪನ ಮುಖದ ಬಣ್ಣ ಇಳಿದದ್ದನ್ನು ರಾಧಾಮಣಿ ಕಂಡಳು. ಅವನನ್ನು ಹೊರಗೆ ಕರೆದುಕೊಂಡು ಹೋಗಬೇಕೆಂದು ಅವಳು ಎರಡು ಹೆಜ್ಜೆ ಇಡುವಷ್ಟರಲ್ಲಿ ಅವನು ಬಾಯಿ ತೆರೆದಿದ್ದ.

“ನಿಮ್ಮಪ್ಪ ಕುಡ್ದಿರ್ಲಿಲ್ಲ ಕಣವ್ವ. ಕುಡಿಯೋನೇ ಅಲ್ಲ ಅವ್ನು. ಮೇಲಿನ ಬಂಡೆ ಬಿರುಕು ಬುಟ್ಟಿದ್ದು ನಾನು ಬೆಳಗ್ಗೇನೇ ನೋಡಿದ್ದೆ. ಲಾರಿ ಕಾಯ್ತಾ ನಿಂತಿತ್ತು. ಒಳಿಕ್ಕೆ ಓಗು ಅಂತ ಕಳಿಸ್ದೋನು ನಾನೆಯ.”

ಜಾರಾ ನಿಂತೇ ಇದ್ದಳು. ಗಂಟೆ ಹೊಡೆದ ಮೇಲೆಯೂ ನಿಂತಿದ್ದಳು.

ಆ ಸಂಜೆಗಾಗಲೇ ಮಾತು ಕೋರೆ ಮುಟ್ಟಿತ್ತು. ಅನಂತರಾಜು ಬೈಕನ್ನು ಅಂಗಳದಲ್ಲಿ ಬಿಸಾಡಿದಂತೆ ನಿಲ್ಲಿಸಿ ಒಳಗೆ ಬಂದ. ರಾಧಾಮಣಿಗೆ ಗೊತ್ತಿಲ್ಲದ್ದೆಲ್ಲ ಆ ಜಗಳದಲ್ಲಿ ಹೊರಗೆ ಬಿತ್ತು. ಒಂಬತ್ತು ವರ್ಷದ ಹಿಂದೆ ಕರೀಂ ಸತ್ತಾಗ, ಅವನು ಕುಡಿದಿದ್ದ, ಬೇಡವೆಂದರೂ ಕೇಳದೆ ಒಳಗೆ ಹೋದ ಎಂಬ ಕಾಗದಕ್ಕೆ ದಾಸಪ್ಪ ಹೆಬ್ಬೆಟ್ಟು ಒತ್ತಿದ್ದ. ಅದಕ್ಕೆ ಪ್ರತಿಯಾಗಿ ಡಿಗ್ರಿ ಅರ್ಧಕ್ಕೇ ಬಿಟ್ಟಿದ್ದ ಅನಂತರಾಜುವಿಗೆ ಕೋರೆಯಲ್ಲಿ ಕೆಲಸ ಸಿಕ್ಕಿತ್ತು. ಸೋರುತ್ತಿದ್ದ ಹೆಂಚಿನ ಮನೆಗೆ ತಾರಸಿ ಬಂದಿತ್ತು. ಕರೀಂನ ಹೆಂಡತಿಗೆ ಏನೂ ಸಿಗಲಿಲ್ಲ. ಕುಡಿದು ಸತ್ತವನಿಗೆ ಪರಿಹಾರವಿಲ್ಲ ಎಂದು ಕೇಸು ಮುಚ್ಚಿಹೋಗಿತ್ತು.

“ಈಗ್ಯಾಕಪ್ಪ ಬಾಯಿ ಬಿಟ್ಟೆ? ಒಂಬತ್ತು ವರ್ಸ ಸುಮ್ಕಿದ್ದೋನು!” ಎಂದು ಅನಂತರಾಜು ಕೇಳಿದ.

“ಆ ಮಗಾನೇ ಎದ್ದು ನಿಂತ್ಕಂಡು ಕೇಳ್ತಲ್ಲ,” ಎಂದ ದಾಸಪ್ಪ.

ಸಿದ್ದಮ್ಮನ ಸಿಟ್ಟು ತಿರುಗಿದ್ದು ಸೊಸೆಯ ಕಡೆಗೆ. ಯಾವುದೋ ದೇಶದ ಕಲ್ಲಿನ ಕಥೆ ಹೇಳಲು ಹೋಗಿ ಮನೆಯ ಅಡಿಗಲ್ಲನ್ನೇ ಕಿತ್ತೆ ಎಂದಳು. ಹೆಬ್ಬೆಟ್ಟು ಒತ್ತು ಎಂದು ಅಂದು ಗಂಡನ ಕೈ ಹಿಡಿದು ಕೂರಿಸಿದವಳು ತಾನೇ, ಬೇಕಾದರೆ ಆ ಪಾಪ ತನಗೇ ಇರಲಿ ಎಂದೂ ಹೇಳಿದಳು. ಅಂದು ರಕ್ಷಿತಾಳನ್ನು ತಾತನ ತೊಡೆಯಿಂದ ಎಬ್ಬಿಸಿ ಒಳಗೆ ಕೂರಿಸಿ ಉಣಿಸಿದರು.

ಮೂರನೇ ದಿನ ಕರೀಂನ ಹೆಂಡತಿ ಶಬ್ನಮ್ ಜಾರಾಳನ್ನು ಕರೆದುಕೊಂಡು ಮನೆಗೆ ಬಂದಳು. ರಾಮನಗರದ ರೇಷ್ಮೆ ಫಿಲೇಚರಿನಲ್ಲಿ ಕುದಿನೀರಿನ ಬಾನಿಯಿಂದ ಗೂಡಿನ ಎಳೆ ತೆಗೆಯುವ ಕೆಲಸ ಅವಳದು. ಬೆರಳುಗಳ ತುದಿ ಬಿಳಿಚಿಕೊಂಡು ಸಿಪ್ಪೆ ಎದ್ದಿತ್ತು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಜಗಲಿಯ ಕೆಳಗೆ ನಿಂತು, ಮಗು ಹೇಳಿದ್ದು ನಿಜವೇ ಎಂದಷ್ಟೇ ಕೇಳಿದಳು. ದಾಸಪ್ಪ ನಿಜ ಎಂದ.

“ಅದನ್ನ ಆಫೀಸಲ್ಲಿ ಬಂದು ಯೋಳ್ತೀರಾ? ದುಡ್ಡು ಕೊಡ್ಲಿ ಬಿಡ್ಲಿ. ಆ ಕಾಗ್ದದಲ್ಲಿ ಕುಡುಕ ಅಂತ ಐತಲ್ಲ, ಅದು ಓಗ್ಬೇಕು,” ಎಂದಳು.

ಬರುತ್ತೇನೆಂದು ದಾಸಪ್ಪ ಮಾತು ಕೊಟ್ಟ. ಮಾತು ಕೊಡುವಾಗ ಕೈ ಮುಗಿದಿದ್ದ. ಶಬ್ನಮ್ ಅದನ್ನು ನೋಡಲಿಲ್ಲ, ತಲೆಯ ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಅದೇ ವಾರ ಅವಳು ಯಾರಿಂದಲೋ ಅರ್ಜಿ ಬರೆಸಿ ಹಳೆಯ ಕೇಸನ್ನು ಮತ್ತೆ ತೆರೆಯಬೇಕೆಂದು ರಾಮನಗರದ ಕಾರ್ಮಿಕ ಇಲಾಖೆಯ ಕಚೇರಿಗೆ ಕೊಟ್ಟಳು. ಮುಂದಿನ ತಿಂಗಳು ದಾಸಪ್ಪನ ಹೇಳಿಕೆ ಕೇಳುವುದೆಂದು ದಿನ ಗೊತ್ತಾಯಿತು.

ರಾಧಾಮಣಿ ಆ ವಾರ ಬ್ಯಾಬಿಲೋನಿನ ತೂಗುತೋಟದ ಪಾಠ ಮಾಡಿದಳು. ಯೂಫ್ರೆಟಿಸ್ ನದಿಯನ್ನು ಎಳೆದಳು. ಆ ತೋಟ ಇದ್ದದ್ದೇ ಹೌದೋ ಅಲ್ಲವೋ ಯಾರಿಗೂ ಗೊತ್ತಿಲ್ಲ, ಒಂದು ಕಲ್ಲೂ ಸಿಕ್ಕಿಲ್ಲ, ಯಾರೋ ಬರೆದಿಟ್ಟದ್ದನ್ನೇ ಲೋಕ ನಂಬಿಕೊಂಡಿದೆ ಎಂದಳು. ಜಾರಾ ಎಲ್ಲವನ್ನೂ ಬರೆದುಕೊಂಡಳು. ಟೀಚರನ್ನು ಕಂಡಾಗ ಅವಳ ಕಣ್ಣಲ್ಲಿ ಈಗ ಒಂದು ಬೆಳಕು ಬರುತ್ತಿತ್ತು. ಅದನ್ನು ಎದುರಿಸುವುದು ರಾಧಾಮಣಿಗೆ ಕಷ್ಟವಾಗುತ್ತಿತ್ತು, ಏಕೆಂದರೆ ಮನೆಯಲ್ಲಿ ಅವಳ ಮುಂದೆ ಒಂದು ಬಿಳಿ ಹಾಳೆ ಬಂದು ಕೂತಿತ್ತು.

ರುದ್ರಪ್ರಸಾದನ ವಕೀಲ ಹೇಳಿಕಳಿಸಿದ್ದು ಅದು. ದಾಸಪ್ಪನಿಗೆ ಮರೆವಿನ ಕಾಯಿಲೆ ಎಂಬುದಕ್ಕೆ ಡಾಕ್ಟರ ಚೀಟಿ ಆಗಲೇ ತಯಾರಾಗಿತ್ತು. ಅದರ ಜೊತೆಗೆ, ಶಾಲೆಗೆ ಕರೆದುಕೊಂಡು ಹೋದ ಸೊಸೆಯೇ ಒಂದು ಕಾಗದ ಬರೆದುಕೊಡಬೇಕು. ಟೀಚರ್ ಕೈಬರಹದಲ್ಲೇ ಇದ್ದರೆ ತೂಕ ಜಾಸ್ತಿ. ನಾಲ್ಕು ದಿನ ಅನಂತರಾಜು ಅದನ್ನೇ ಹೇಳಿದ. ಮೊದಲು ಗದರಿದ, ಆಮೇಲೆ ಬೇಡಿಕೊಂಡ. ಐದನೇ ದಿನ ಬೆಳಗ್ಗೆ ಅವಳು ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಮಾತಾಡಿದ.

“ನನ್ ಕೆಲ್ಸದ ಮಾತು ಬುಡು. ಅಪ್ಪ ಅಲ್ಲಿ ಓಗಿ ಸುಳ್ಳು ಬರ್ಕೊಟ್ಟೆ ಅಂದ್ರೆ ಕೇಸು ಯಾರ್ ಮೇಲೆ ಆಯ್ತದೆ? ಅಪ್ಪನ ಮೇಲೇನೆ. ಆ ಎದೆ ಇಟ್ಕಂಡು ಜೈಲಲ್ಲಿ ಎಷ್ಟು ದಿನ ಇದ್ದಾನು? ನೀನು ಬರುದ್ರೆ ಅಪ್ಪ ಉಳ್ಕತಾನೆ.”

ಅವಳಿಗೆ ಬೇಕಾಗಿದ್ದದ್ದು ಅಂಥದೊಂದು ಕಾರಣವೇ. ಹಿಂದಿನ ದಿನವಷ್ಟೇ ನೀಲಕಂಠಪ್ಪನವರು ಅವಳನ್ನು ಕರೆದು, ಪಠ್ಯದಲ್ಲಿ ಇಲ್ಲದ್ದನ್ನು ಹೇಳಿಕೊಡುವುದು ಬೇಡ, ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರಿರಬೇಕಾದರೆ ಹುಷಾರಾಗಿರಿ ಎಂದಿದ್ದರು. ಅದನ್ನೂ ಆ ಕಾರಣಕ್ಕೆ ಸೇರಿಸಿಕೊಂಡಳು. ಕೈ ತೊಳೆದು ಬಂದು, ‘ನನ್ನ ಮಾವನವರಿಗೆ ಎರಡು ವರ್ಷದಿಂದ ಮರೆವು ಇರುತ್ತದೆ. ಹಳೆಯದನ್ನೂ ಕಲ್ಪಿಸಿಕೊಂಡದ್ದನ್ನೂ ಕಲಸಿ ಮಾತಾಡುತ್ತಾರೆ. ತರಗತಿಯಲ್ಲಿ ಆಡಿದ ಮಾತೂ ಅಂಥದೇ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು. ಜಗಲಿಯಲ್ಲಿ ದಾಸಪ್ಪ ಮೊಮ್ಮಗಳಿಗೆ ಹಲ್ಲುಜ್ಜಿಸುತ್ತಿದ್ದ.

ಹೇಳಿಕೆಯ ದಿನ ಅವನು ಯಾರಿಗೂ ಹೇಳದೆ ಮೊದಲ ಬಸ್ಸಿಗೇ ಹೊರಟಿದ್ದ. ಮಗ ಕೋರೆಯಿಂದ ಓಡಿ ಬಂದು ಹುಡುಕುವಷ್ಟರಲ್ಲಿ ಶಬ್ನಮ್ ಜೊತೆ ರಾಮನಗರದ ಕಚೇರಿಯ ಬೆಂಚಿನ ಮೇಲೆ ಕೂತಿದ್ದನಂತೆ. ಸಂಜೆ ಹಿಂತಿರುಗಿದವನ ಮುಖದಲ್ಲಿ ಸಿಟ್ಟಿರಲಿಲ್ಲ. ಕಾಲು ತೊಳೆದುಕೊಂಡ. ರಾಧಾಮಣಿ ನೀರಿನ ಚೊಂಬು ತಂದು ಮುಂದಿಟ್ಟಾಗ ತಲೆ ಎತ್ತಿದ.

“ನಿನ್ ಅಕ್ಷರ ಬಲು ಚೆಂದ ಐತೆ ಕಣವ್ವ. ಸಾಹೇಬ್ರು ನಂಗೆ ಓದಿ ಯೋಳುದ್ರು.”

ಅಷ್ಟೇ. ಮರೆವಿನವನ ಹೇಳಿಕೆಗೆ ಬೆಲೆಯಿಲ್ಲವೆಂದು ಅವನನ್ನು ಕಳಿಸಿಬಿಟ್ಟಿದ್ದರು. ಅಂದಿನಿಂದ ಅವನು ಒಳಗೆ ಕೂತು ಉಣ್ಣಲಿಲ್ಲ. ಸಿದ್ದಮ್ಮ ತಟ್ಟೆಯನ್ನು ಜಗಲಿಗೇ ತಂದಿಡುತ್ತಿದ್ದಳು. ಒಂದೆರಡು ತುತ್ತು ತಿಂದು ಉಳಿದದ್ದನ್ನು ಹಸುವಿನ ಕಲಗಚ್ಚಿಗೆ ಹಾಕಿಸುತ್ತಿದ್ದ. ರಾಧಾಮಣಿ ಮಾತಾಡಿಸಲು ಹೋದರೆ ಆಯ್ತವ್ವ, ಓಗವ್ವ ಎನ್ನುತ್ತಿದ್ದ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಶಾಲೆಯಲ್ಲಿ ಜಾರಾ ಕಿಟಕಿಯ ಜಾಗ ಬಿಟ್ಟು ಕೊನೆಯ ಬೆಂಚಿಗೆ ಹೋದಳು. ದೀಪಸ್ತಂಭದ ಪಾಠದ ದಿನ ಮೆಡಿಟರೇನಿಯನ್ ಸಮುದ್ರವನ್ನು ಗುರುತಿಸಲು ರಾಧಾಮಣಿ ಅವಳನ್ನೇ ಕರೆದಳು. ಹುಡುಗಿ ಬಂದು ಸರಿಯಾದ ಜಾಗಕ್ಕೆ ಸೀಮೆಸುಣ್ಣ ಮುಟ್ಟಿಸಿ, ಟೀಚರ ಮುಖ ನೋಡದೆ ವಾಪಸು ಹೋದಳು.

ಮೂರನೇ ವಾರ ದಾಸಪ್ಪನ ಉಸಿರು ಮೇಲುಮೇಲಕ್ಕೆ ಎಳೆಯತೊಡಗಿತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಎದೆಯ ಫೋಟೋ ತೋರಿಸಿ, ಎರಡೂ ಕಡೆ ಕಲ್ಲುದೂಳೇ ತುಂಬಿದೆ ಎಂದರು. ನಾಲ್ಕು ದಿನ ಇದ್ದ. ಮೂರನೆಯ ಮಧ್ಯಾಹ್ನ ಸಿದ್ದಮ್ಮ ಊಟಕ್ಕೆ ಹೋಗಿದ್ದಾಗ ರಾಧಾಮಣಿ ಅವನ ಕೈ ಹಿಡಿದು, ನಿಮ್ಮನ್ನು ಉಳಿಸಬೇಕೆಂದು ಬರೆದೆ ಮಾವ ಎಂದಳು. ಅವನು ಮೂಗಿನ ಮೇಲಿನ ಮುಖವಾಡವನ್ನು ಬೆರಳಲ್ಲಿ ಸರಿಸಿದ.

“ನಾನೂ ಮಗನ್ನ ಉಳ್ಸೋಕೆ ಅಂತಾನೇ ಒತ್ತಿದ್ದು ಕಣವ್ವ,” ಎಂದ. ಅವನು ಅವಳೊಡನೆ ಆಡಿದ ಕೊನೆಯ ಮಾತು ಅದು.

ತಿಥಿಯ ಊಟಕ್ಕೆ ರುದ್ರಪ್ರಸಾದನ ಕಡೆಯಿಂದ ಎರಡು ಮೂಟೆ ಅಕ್ಕಿ ಬಂತು. ಅನಂತರಾಜು ಅದನ್ನು ಇಳಿಸಿಕೊಂಡ. ರಾಧಾಮಣಿ ಆ ಅನ್ನ ಉಣ್ಣಲಿಲ್ಲ. ತಿಥಿ ಮುಗಿದ ಮರುದಿನ ಅಡುಗೆಮನೆಯ ಹೊಸ್ತಿಲ ಬಳಿ ಕೂತು, ತೊಡೆಯ ಮೇಲೆ ಹಾಜರಿ ಪುಸ್ತಕ ಇಟ್ಟುಕೊಂಡು, ಆ ಗುರುವಾರ ದಾಸಪ್ಪ ತರಗತಿಯಲ್ಲಿ ಆಡಿದ್ದನ್ನು ಒಂದೂ ಬಿಡದೆ ಬರೆದಳು. ಅವನಿಗೆ ಮರೆವು ಇರಲಿಲ್ಲ, ತಾನು ಹಿಂದೆ ಬರೆದುಕೊಟ್ಟದ್ದು ಸುಳ್ಳು ಎಂದೂ ಬರೆದಳು. ಎರಡು ಪ್ರತಿ ಮಾಡಿದಳು. ಅನಂತರಾಜು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ.

“ಸತ್ತೋನಿಗೆ ಇದ್ರಿಂದ ಏನು ಬಂದಾತು? ಇರೋರು ಮಣ್ಣು ತಿನ್ಬೇಕಾ?”

“ನಾನು ಬರ್ದಿದ್ದು. ನಾನೇ ಅಳಿಸ್ಬೇಕು,” ಎಂದಳು ರಾಧಾಮಣಿ.

ಹಾಳೆಯನ್ನು ಕಿತ್ತುಕೊಳ್ಳುತ್ತಾನೆಂದು ಅವಳು ಎದೆಗೆ ಒತ್ತಿಕೊಂಡಳು. ಅವನು ಕಿತ್ತುಕೊಳ್ಳಲಿಲ್ಲ. ಬೈಕ್ ಹತ್ತಿ ಹೋದ. ಸಿದ್ದಮ್ಮ ಮಾತ್ರ, ಆ ಕಾಗದ ಕೊಟ್ಟು ಬಂದರೆ ನಿನ್ನ ಒಲೆ ಬೇರೆ, ನನ್ನ ಒಲೆ ಬೇರೆ ಎಂದಳು. ಆ ಮಾತನ್ನು ಅವಳು ನಡೆಸಿಯೂ ಬಿಟ್ಟಳು. ಸೊಸೆ ರಾಮನಗರದಿಂದ ಬರುವಷ್ಟರಲ್ಲಿ ಅವಳ ತಟ್ಟೆ, ಲೋಟ, ಎರಡು ಪಾತ್ರೆ ಹಿತ್ತಿಲ ಬಾಗಿಲ ಬಳಿ ಇದ್ದವು. ಎರಡು ವಾರದಲ್ಲಿ ಅನಂತರಾಜು ಕೆಲಸ ಕಳೆದುಕೊಂಡು ಮಾಗಡಿ ಕಡೆ ಟಿಪ್ಪರ್ ಓಡಿಸಲು ಹೋದ. ವಾರಕ್ಕೊಮ್ಮೆ ಬಂದರೆ ಮಗಳನ್ನು ಎತ್ತಿಕೊಂಡು ತಾಯಿಯ ಕಡೆ ಉಂಡು ಹೋಗುತ್ತಿದ್ದ. ಸೋಮವಾರದಿಂದ ಬರುವುದು ಬೇಡವೆಂದು ನೀಲಕಂಠಪ್ಪನವರು ಹೇಳಿದಾಗ ರೋಡ್ಸ್ ದ್ವೀಪದ ಪಾಠ ಇನ್ನೂ ಆಗಿರಲಿಲ್ಲ.

ಕಚೇರಿಯಲ್ಲಿ ಕಾಗದ ತೆಗೆದುಕೊಂಡವರು ಅವಳಿಗೆ ಮರ್ಯಾದೆಯಿಂದಲೇ ತಿಳಿಸಿ ಹೇಳಿದ್ದರು. ಹೇಳಿದವನು ಸತ್ತಿದ್ದಾನೆ. ಬರೆದವರು ಮೊದಲು ಒಂದು ಬರೆದು ಈಗ ಇನ್ನೊಂದು ಬರೆದಿದ್ದಾರೆ. ಇದು ಫೈಲಿನಲ್ಲಿರುತ್ತದೆ, ಇದರಿಂದ ಕೇಸು ಮೇಲೇಳುವುದು ಕಷ್ಟ, ನಿಮಗೇ ತೊಂದರೆಯಾಗಬಹುದು ಎಂದಿದ್ದರು.

ಶಾಲೆಯ ಕೊನೆಯ ದಿನ ಅವಳು ಇನ್ನೊಂದು ಪ್ರತಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಶಾಲೆಯ ಹಿಂದಿನ ಕಾಲೊನಿಗೆ ಹೋದಳು. ಶಬ್ನಮ್ ಆಗತಾನೆ ಕೆಲಸದಿಂದ ಬಂದು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳು ಏಳಲಿಲ್ಲ. ರಾಧಾಮಣಿ ನಿಂತೇ ಎಲ್ಲವನ್ನೂ ಹೇಳಿದಳು. ಇದರಿಂದ ಏನೂ ಆಗಲಿಕ್ಕಿಲ್ಲ ಎಂಬುದನ್ನೂ ಬಚ್ಚಿಡದೆ ಹೇಳಿದಳು. ಶಬ್ನಮ್ ಕಾಗದವನ್ನು ಮುಟ್ಟಲಿಲ್ಲ. ಒಳಗಿದ್ದ ಜಾರಾಳನ್ನು ಕರೆದು ಓದು ಎಂದಳು.

ಜಾರಾ ಓದಿದಳು. ಕರೀಂ ಕುಡಿದಿರಲಿಲ್ಲ ಎಂಬ ಸಾಲು ಬಂದಾಗ ಶಬ್ನಮಳ ಕೈ ಮೊರದ ಮೇಲೆ ನಿಂತಿತು. ಅವಳು ಎದ್ದು ಬೀದಿಗೆ ಬಂದು, ಎದುರು ಮನೆಯವರನ್ನೂ ನಲ್ಲಿಯ ಬಳಿ ಕೊಡ ಹಿಡಿದಿದ್ದವರನ್ನೂ ಹೆಸರು ಹಿಡಿದು ಕರೆದಳು. ಹತ್ತು ಹದಿನೈದು ಜನ ಸೇರಿದರು.

“ಈಗ ಮೊದ್ಲಿಂದ ಓದು. ಎಲ್ರಿಗೂ ಕೇಳೋ ಅಂಗೆ ಓದು,” ಎಂದಳು ಮಗಳಿಗೆ.

ಹುಡುಗಿ ಹೊಸ್ತಿಲ ಮೇಲೆ ನಿಂತು ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದತೊಡಗಿದಳು. ಬಿರುಕು ಬಿಟ್ಟ ಬಂಡೆ, ಕಾಯುತ್ತಿದ್ದ ಲಾರಿ, ಒಳಗೆ ಹೋಗು ಎಂದವನ ಹೆಸರು. ಯಾರೋ ಒಬ್ಬ ಮುದುಕ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ಕೊನೆಯ ಸಾಲುಗಳು ಬಂದವು. ‘ಇದಕ್ಕೆ ಮೊದಲು ನಾನು ಬರೆದುಕೊಟ್ಟ ಕಾಗದ ಸುಳ್ಳು. ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು.’ ಮುಖಗಳೆಲ್ಲ ಒಂದೊಂದಾಗಿ ರಾಧಾಮಣಿಯ ಕಡೆ ತಿರುಗಿದವು. ಬಸ್ಸಿನ ಹೊತ್ತಾಗಿತ್ತು. ಅವಳು ಹೋಗಲಿಲ್ಲ, ನಿಂತ ಜಾಗದಲ್ಲೇ ನಿಂತಳು. ಜಾರಾ ಉಸಿರೆಳೆದುಕೊಂಡು, ಕೆಳಗೆ ಸಹಿಯ ಜಾಗದಲ್ಲಿದ್ದ ಹೆಸರನ್ನೂ ಓದಿದಳು.